ಹವಾಲ್ದಾರರು ಎಳೆದ ಗೆರೆ

ಹವಾಲ್ದಾರರು ತೀರಿಕೊಂಡ ಹದಿಮೂರನೆಯ ದಿನ, ಊಟಕ್ಕೆ ಮೊದಲು ನಾಲ್ಕು ಮಾತಾಡಬೇಕೆಂದು ಊರವರು ನನ್ನನ್ನು ಎಬ್ಬಿಸಿದರು. ಊರಿನ ಕನ್ನಡ ಶಾಲೆಯ ಹೆಡ್‌ಮಾಸ್ತರ ಎಂದ ಮೇಲೆ ಮದುವೆಯಾಗಲಿ ಮಣ್ಣಾಗಲಿ, ಮಾತು ನನ್ನ ಪಾಲಿಗೇ ಬರುತ್ತದೆ. ಅವರ ಶಿಸ್ತಿನ ಬಗ್ಗೆ ಹೇಳಿದೆ. ಸೈನ್ಯದಲ್ಲಿ ಕಳೆದ ವರ್ಷಗಳ ಬಗ್ಗೆ ಹೇಳಿದೆ. ಮಹಾಪೂರದಲ್ಲಿ ಅವರು ಹೆಗಲ ಮೇಲೆ ಹೊತ್ತು ತಂದ ಜೀವಗಳ ಬಗ್ಗೆ ಹೇಳಿದೆ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಪಕ್ಕದಲ್ಲಿದ್ದವರು "ಭಾಳ ಚಂದ ಹೇಳಿದ್ರಿ ಸರ್" ಎಂದರು. ಎಲೆಯ ಮುಂದೆ ಕೂತವನು ಅರ್ಧಕ್ಕೇ ಎದ್ದೆ. ಹೇಳಲೇಬೇಕಾಗಿದ್ದ ಒಂದು ಮಾತನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿ ಬಂದಿದ್ದೆ.

ಇಲ್ಲಿ ಅವರ ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ಊರ ಬಸ್‌ ತಂಗುದಾಣದ ಮೇಲೆ ಅವರ ಹೆಸರು ಬರೆಸಲು ಹೊರಟವರನ್ನು ಬೈದು ಕಳಿಸಿದ ಮನುಷ್ಯ. ಅದೂ ಅಲ್ಲದೆ ಈ ಬರಹದಲ್ಲಿ ತಲೆ ತಗ್ಗಿಸಬೇಕಾದವನು ನಾನು, ಅವರಲ್ಲ.

ನಮ್ಮೂರು ಜುಗೂಳದ ಆಸುಪಾಸಿನದು, ಕೃಷ್ಣೆಯ ದಂಡೆಗೇ ಅಂಟಿಕೊಂಡಿದೆ. ಇಪ್ಪತ್ತೆರಡು ವರ್ಷ ಫೌಜಿನಲ್ಲಿದ್ದು ಅವರು ಊರಿಗೆ ಮರಳಿದಾಗ ಒಂದು ಕರಿಯ ಟ್ರಂಕು, ಹಾಸಿಗೆ ಸುತ್ತಿದ ಒಂದು ಹಸಿರು ಹೋಲ್ಡಾಲ್, ಕೊರಳಲ್ಲೊಂದು ಸೀಟಿ, ಇಷ್ಟೇ ತಂದಿದ್ದರು. ಯುದ್ಧದ ಕತೆ ಹೇಳುತ್ತಾರೆಂದು ಕಟ್ಟೆಯ ಮಂದಿ ಕಾದರು. ಮಕ್ಕಳು "ಫೌಜಿ ಮಾಮಾ, ಎಷ್ಟ ಮಂದೀನ ಹೊಡದೀರಿ?" ಎಂದು ಬೆನ್ನು ಹತ್ತಿದರೆ, "ಮಂದಿ ಲೆಕ್ಕಾ ಇಟ್ಟಿಲ್ಲಪಾ. ಬಟಾಟಿ ಮಾತ್ರ ಗುಡ್ಡದಷ್ಟ ಸುಲದೀನಿ" ಎನ್ನುತ್ತಿದ್ದರು. ಅಡುಗೆಯವರಾಗಿದ್ದರೋ ಬಂದೂಕಿನವರಾಗಿದ್ದರೋ ಯಾರಿಗೂ ಕೊನೆಯವರೆಗೂ ತಿಳಿಯಲಿಲ್ಲ. ಎಡಗೈಯ ಎರಡು ಬೆರಳು ಚಳಿಗಾಲದಲ್ಲಿ ನೀಲಿಗಟ್ಟುತ್ತಿದ್ದವು. ಕೇಳಿದರೆ ಆ ಕೈಯನ್ನು ಜೇಬಿಗೆ ಹಾಕಿಕೊಂಡು ಬೇರೆ ಮಾತು ತೆಗೆಯುತ್ತಿದ್ದರು.

ಕೈ ಕಟ್ಟಿ ಕೂರುವುದು ಅವರಿಗೆ ಬರುತ್ತಿರಲಿಲ್ಲ. ಸ್ಮಶಾನದ ಜಾಲಿ ಕಡಿದರು. ಕುಡಿಯುವ ನೀರಿನ ಟಾಕಿಯೊಳಗೆ ತಾವೇ ಇಳಿದು ತಿಕ್ಕಿದರು. ಮಿರಜಿನ ಆಸ್ಪತ್ರೆಯಲ್ಲಿ ಯಾರಿಗಾದರೂ ರಕ್ತ ಬೇಕೆಂದರೆ ನಾಲ್ಕು ಹುಡುಗರನ್ನು ಜೀಪಿಗೆ ಹತ್ತಿಸಿಕೊಂಡು ಹೊರಡುತ್ತಿದ್ದರು. ವರ್ಷಕ್ಕೊಮ್ಮೆ ಪಿಂಚಣಿಯ ಮುದುಕಿಯರನ್ನು ಐನಾಪುರದ ಬ್ಯಾಂಕಿಗೆ ಕರೆದುಕೊಂಡು ಹೋಗುವುದು ಅವರದೇ ಕೆಲಸ. ಬೆಳಿಗ್ಗೆ ಓಣಿಯಲ್ಲಿ ಸೀಟಿ ಊದಿ, "ಬರ್ರಿ ಆಯಿ, ನೀವ ಇನ್ನೂ ಅದೀರಿ ಅಂತ ತೋರಿಸಿ ಬರೂಣು" ಎಂದು ಕರೆಯುತ್ತಿದ್ದರು. ಮುದುಕಿಯರು ಬೈಯುತ್ತ, ನಗುತ್ತ, ಹೊಸ ಸೀರೆಯುಟ್ಟು ಸಾಲಾಗಿ ಹೊರಡುತ್ತಿದ್ದರು.

ಅವರು ಸೋತದ್ದು ಒಂದೇ ಕಡೆ, ಸ್ವಂತ ಮನೆಯಲ್ಲಿ. ಹೆಂಡತಿ ಅವರು ನಿವೃತ್ತರಾಗುವ ಮೊದಲೇ ತೀರಿಕೊಂಡಿದ್ದರು. ಮಗಳು ಸುರೇಖಾ ಅಜ್ಜಿಯ ಹತ್ತಿರ ಬೆಳೆದವಳು, ಆಗ ಹನ್ನೆರಡು ವರ್ಷದವಳು. ರಜೆಗೆ ಬಂದಾಗಷ್ಟೇ ಅಪ್ಪನನ್ನು ಕಂಡವಳು, ಓಣಿಯ ಮಕ್ಕಳು ಕರೆದಂತೆ ಅವಳೂ "ಫೌಜಿ ಮಾಮಾ" ಎಂದೇ ಕರೆದುಬಿಟ್ಟಳು. ಹವಾಲ್ದಾರರು ತಿದ್ದಲಿಲ್ಲ. ಅಂದಿನಿಂದ ಬೆಳಿಗ್ಗೆ ಐದಕ್ಕೆದ್ದು ತಂಬಿಗೆಯಲ್ಲಿ ಕೆಂಡ ತುಂಬಿ ಅವಳ ಸಮವಸ್ತ್ರ ಇಸ್ತ್ರಿ ಮಾಡತೊಡಗಿದರು. ಜಡೆ ಹೆಣೆಯುವುದನ್ನು ನನ್ನ ಹೆಂಡತಿಯ ಹತ್ತಿರ ಕಲಿತರು. ನಮ್ಮ ಹಿತ್ತಲಿನ ಕಂಬಕ್ಕೆ ಮೂರು ಹಗ್ಗ ಕಟ್ಟಿಕೊಂಡು ಒಂದು ವಾರ ಅಭ್ಯಾಸ ಮಾಡಿದ್ದನ್ನು ನಾನೇ ಕಂಡಿದ್ದೇನೆ. ಅವಳು ಎರಡು ಮೈಲಿ ದೂರದ ಹೈಸ್ಕೂಲಿಗೆ ಸೈಕಲ್ಲಿನಲ್ಲಿ ಹೋಗಲು ಶುರುಮಾಡಿದಾಗ ಹಿಂದಿನ ಕ್ಯಾರಿಯರ್ ಹಿಡಿದು ಶಾಲೆಯವರೆಗೂ ಓಡುತ್ತಿದ್ದರು. ಒಂದು ದಿನ ಹಾದಿಯಲ್ಲಿ ಎಮ್ಮೆ ಅಡ್ಡ ಬಂತಂತೆ. ಸುರೇಖಾ ಹೆದರಿ "ಅಪ್ಪಾ, ಹಿಡಿ" ಎಂದು ಕೂಗಿದಳಂತೆ. ಆ ಸಂಜೆ ಅವರು ನಮ್ಮ ಮನೆಗೆ ಒಂದು ಕಿಲೋ ಪೇಢೆ ತಂದರು. ಏನು ವಿಶೇಷ ಎಂದರೆ, "ಪ್ರಮೋಷನ್ ಆತ್ರಿ ಮಾಸ್ತರ್" ಎಂದರು.

ಅವರು ಬಂದ ಎರಡನೆಯ ಮಳೆಗಾಲದಲ್ಲಿ ಹೊಳೆ ಊರೊಳಗೆ ಬಂತು. ಮಳೆ ಸುರಿಯುವುದು ಮೇಲೆ ಘಟ್ಟದಲ್ಲಿ, ಮುಳುಗುವುದು ನಾವು. ಅಲ್ಲಿಯವರೆಗೆ ಊರಿನ ಯಾರೂ ಅಷ್ಟು ನೀರು ಕಂಡಿರಲಿಲ್ಲ. ಹವಾಲ್ದಾರರು ಟ್ರ್ಯಾಕ್ಟರಿನ ಟ್ಯೂಬುಗಳನ್ನು ಬಾಗಿಲ ಹಲಗೆಗೆ ಕಟ್ಟಿ ತೆಪ್ಪ ಮಾಡಿ ಕೆಳಗಿನ ಓಣಿಯನ್ನಿಡೀ ಖಾಲಿ ಮಾಡಿಸಿದರು. ಒಂದು ಜೀವವೂ ಹೋಗಲಿಲ್ಲ. ನೀರು ಇಳಿದ ಮೇಲೆ ಗೋಡೆಗಳ ಮೇಲೆ ಕೆಸರಿನ ಅಂಚು ಉಳಿದಿತ್ತು. ಸುಣ್ಣ ಬಳಿದರೆ ಅದು ಅಳಿಸಿಹೋಗುತ್ತದೆ, ಮಂದಿ ಮರೆಯುತ್ತಾರೆ ಎಂದು ಅವರು ಕೆಂಪು ಪೇಂಟಿನ ಡಬ್ಬಿ ಹಿಡಿದು ಹೊರಟರು. ಮನೆಮನೆಯ ಗೋಡೆಯ ಮೇಲೆ ಆ ಅಂಚಿನ ಗುಂಟ ಮೂರು ಬೆರಳಗಲದ ಗೆರೆ ಎಳೆದರು. ಕೆಳಗಿನ ಓಣಿಯಲ್ಲಿ ಅದು ಎದೆಮಟ್ಟಕ್ಕೆ ಬಂತು. ದಿಬ್ಬದ ಮೇಲಿನ ನಮ್ಮ ಶಾಲೆಯ ಗೋಡೆಗೆ ಮೊಣಕಾಲಮಟ್ಟಕ್ಕೆ. "ಇದನ್ನ ನೋಡಿದ ಕೂಡ್ಲೆ ಮಂದಿ ಹೊಳಿ ನೆನಸಬೇಕ್ರಿ, ಎದ್ದ ಹೋಗಬೇಕು" ಎಂಬುದು ಅವರ ಲೆಕ್ಕ.

ನಮ್ಮ ಮಂದಿಯ ಲೆಕ್ಕವೇ ಬೇರೆ. ಹೊಳೆ ತುಂಬಿ ಬಂದಾಗ ಹೆಂಗಸರು ಸೀರೆ, ಕಾಯಿ, ಅರಿಶಿನ ಒಯ್ದು ಗಂಗವ್ವನಿಗೆ ಉಡಿ ತುಂಬಿ "ಇನ್ನ ಹಿಂದಕ್ಕ ಹೋಗವ್ವ" ಎಂದು ಬೇಡಿಕೊಳ್ಳುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಉಡಿ ತುಂಬಿಸಿಕೊಂಡು ಗಂಗವ್ವ ತಿರುಗಿದ ಜಾಗ ಈ ಗೆರೆ ಎಂದು ಅವರಿಗೆ ಹೊಳೆಯಲು ತಡವಾಗಲಿಲ್ಲ. ಮರುವರ್ಷದಿಂದಲೇ ಗೆರೆಗೆ ಕುಂಕುಮ ಬಿತ್ತು. ಕೆಳಗಿನ ಓಣಿಯ ತುದಿಮನೆಯ ತಾರವ್ವ ಆಯಿಯಂತೂ ಪ್ರತಿ ಅಮಾವಾಸ್ಯೆಗೆ ಊದಿನಕಡ್ಡಿ ಹಚ್ಚತೊಡಗಿದಳು. ಅವಳ ಒಬ್ಬನೇ ಮಗ ಇಚಲಕರಂಜಿಯ ಮಗ್ಗಗಳಲ್ಲಿ ದುಡಿಯುತ್ತಿದ್ದ. ಇಲ್ಲಿ ಅವಳು, ಒಂದು ಎಮ್ಮೆ, ಆ ಗೆರೆ. ಹವಾಲ್ದಾರರು ಮೊದಮೊದಲು "ಆಯಿ, ಅದು ದೇವರಲ್ಲ, ಡೇಂಜರ್ ಅಂತ ಹಚ್ಚೇನಿ" ಎಂದು ರೇಗಿದರು. ಆಮೇಲೆ ನಕ್ಕು ಬಿಟ್ಟರು. ಹೊಸ ಮನೆ ಕಟ್ಟುವವರು ಗೆರೆಗಿಂತ ಒಂದು ಗೇಣು ಮೇಲೆ ಅಟ್ಟ ಹಾಕಿಸಿದರು. ಕಾಳಿನ ಚೀಲ, ದೇವರ ಜಗುಲಿ, ಟೀವಿ ಎಲ್ಲ ಗೆರೆಯ ಮೇಲಕ್ಕೆ ಏರಿದವು.

ಅವರು ಓದದವರು, ಬಿಡಿ. ನಾನು ಮಾಡಿದ್ದೇನು? ನಾಲ್ಕನೆಯ ತರಗತಿಗೆ ನದಿಗಳ ಪಾಠ ಬಂದಾಗಲೆಲ್ಲ ಮಕ್ಕಳನ್ನು ಶಾಲೆಯ ಗೋಡೆಯ ಮುಂದೆ ನಿಲ್ಲಿಸಿ, ಬೆತ್ತದ ತುದಿಯನ್ನು ಗೆರೆಯ ಮೇಲಿಟ್ಟು, "ನಮ್ಮೂರಾಗ ಕೃಷ್ಣಾ ಹೊಳಿ ಇಲ್ಲಿ ತನಕ ಬರ್ತೈತಿ. ಇದಕ್ಕಿಂತ ಮ್ಯಾಲ ಬರೂದಿಲ್ಲ" ಎಂದು ಹೇಳಿಕೊಟ್ಟೆ. ಒಂದು ವರ್ಷವಲ್ಲ, ಹನ್ನೆರಡು ವರ್ಷ ಹೇಳಿಕೊಟ್ಟೆ. ಮಕ್ಕಳು ಪರೀಕ್ಷೆಯಲ್ಲಿ ಅದನ್ನೇ ಬರೆದರು, ನಾನು ಸರಿ ಗುರುತು ಹಾಕಿದೆ.

ಎರಡನೆಯ ದೊಡ್ಡ ಮಹಾಪೂರ ಬಂದ ದಿನದ ಬೆಳಿಗ್ಗೆ ನಾನು ಭಾಳ ಗಡಿಬಿಡಿಯಲ್ಲಿದ್ದೆ. ಹೆಂಡತಿ ಮಕ್ಕಳನ್ನು ರಾಯಬಾಗದ ಬೀಗರ ಮನೆಗೆ ಕಳಿಸಲು ಟೆಂಪೊ ಬಂದು ನಿಂತಿತ್ತು. ಶಾಲೆಯ ದಾಖಲೆ ಪುಸ್ತಕಗಳನ್ನು ಮೇಲಿನ ಕೋಣೆಗೆ ಸಾಗಿಸುತ್ತಿದ್ದೆ. ಟೆಂಪೊದವನು ಹಾರ್ನ್ ಬಾರಿಸುತ್ತಿದ್ದ. ಅಷ್ಟರಲ್ಲಿ ತಾರವ್ವ ಕೋಲೂರಿಕೊಂಡು ಶಾಲೆಯ ಗೇಟಿಗೆ ಬಂದಳು. ಸೀರೆಯ ಅಂಚು ಒದ್ದೆಯಾಗಿತ್ತು.

"ಮಾಸ್ತರ್ರ, ಹವಾಲ್ದಾರ ಸೀಟಿ ಊದಾಕತ್ತಾನ. ನಾ ಹೋಗ್ಲೋ, ಇರ್ಲೋ?" ಎಂದಳು.

ನಾನು ಪುಸ್ತಕದ ಗಂಟು ಕೆಳಗೆ ಕೂಡ ಇಡಲಿಲ್ಲ. "ಗೆರಿ ಐತಲ್ಲ ಆಯಿ. ನೀರ ಗೆರಿ ಹತ್ರ ಬಂದ್ರ ಹೋಗೀಯಂತ. ಈಗ ಮನ್ಯಾಗ ಇರು" ಎಂದೆ.

ಅವಳಿಗೆ ಬೇಕಾಗಿದ್ದದ್ದೂ ಅದೇ ಮಾತು. ಎಮ್ಮೆಯನ್ನು ಬಿಟ್ಟು ಹೋಗಲು ಅವಳಿಗೆ ಮನಸ್ಸಿರಲಿಲ್ಲ. "ಹಂಗಾರ ಚಲೋ ಆತ ನೋಡ್ರಿ" ಎಂದು ತಿರುಗಿ ಹೋದಳು. ಅವಳ ಬೆನ್ನನ್ನು ನೋಡಲಿಕ್ಕೂ ನಾನು ನಿಲ್ಲಲಿಲ್ಲ.

ಆಮೇಲಿನದು ನಾನು ಕಣ್ಣಾರೆ ಕಂಡದ್ದಲ್ಲ. ಹವಾಲ್ದಾರರು ಅವಳ ಬಾಗಿಲಿಗೆ ಹೋದಾಗ ಓಣಿಯಲ್ಲಿ ಮೊಣಕಾಲುದ್ದ ನೀರಿತ್ತು. ಅವಳು ಬರುವುದಿಲ್ಲ ಎಂದಳು. ಅವರು ಗೋಡೆಯ ಗೆರೆ ನೋಡಿದರು, ನೀರು ನೋಡಿದರು, ಸಂಜೆಯ ತನಕ ಸಮಯವಿದೆ ಎಂದು ಅಂದಾಜು ಮಾಡಿದರು. ಮೊದಲು ಕೂಸುಗಳಿದ್ದ ಮನೆಗಳನ್ನು ಖಾಲಿ ಮಾಡಿಸಲು ಹೋದರು. ಮಧ್ಯಾಹ್ನ ಎರಡರ ಹೊತ್ತಿಗೆ ನೀರು ಒಮ್ಮೆಲೇ ಏರಿತು, ಗೆರೆ ಮುಟ್ಟಿತು, ದಾಟಿತು. ಮಣ್ಣಿನ ಗೋಡೆ ಎಷ್ಟು ಹೊತ್ತು ತಡೆದೀತು? ಅವರು ತೆಪ್ಪ ತಿರುಗಿಸಿಕೊಂಡು ಬರುವಷ್ಟರಲ್ಲಿ ಹಿಂದಿನ ಗೋಡೆ ಕುಸಿದು ಅಟ್ಟ ಕೆಳಗೆ ಕೂತಿತ್ತು. ಅಟ್ಟದ ಮೇಲೆ ಕಾಳಿನ ಚೀಲಗಳ ನಡುವೆ ತಾರವ್ವ ಕೂತಿದ್ದಳಂತೆ.

ಸಂಜೆ ಐನಾಪುರದ ಕಲ್ಯಾಣಮಂಟಪದಲ್ಲಿ ನಮ್ಮೂರಿನವರೆಲ್ಲ ಸೇರಿದ್ದೆವು. ಹವಾಲ್ದಾರರು ಒದ್ದೆ ಬಟ್ಟೆಯಲ್ಲೇ ನನ್ನ ಮುಂದೆ ಬಂದು ನಿಂತರು. ಮೇಲಧಿಕಾರಿಗೆ ವರದಿ ಒಪ್ಪಿಸುವವರ ಹಾಗೆ ಕೈಗಳನ್ನು ಪಕ್ಕಕ್ಕೆ ಬಿಗಿದುಕೊಂಡಿದ್ದರು.

"ತಾರವ್ವ ಆಯಿ ಹ್ವಾದ್ಳ್ರಿ ಮಾಸ್ತರ್. ನನ್ನ ಗೆರಿ ನಂಬಿ ಹ್ವಾದ್ಳು. ಎತಗೊಂಡ ಒಯ್ಯಬೇಕಿತ್ತು. ಗೆರಿ ನೋಡಿ ನಾನೂ ಟೈಮ್ ಐತಿ ಅನ್ಕೊಂಡ್ನಿ."

ಇಷ್ಟು ಹೇಳಿ ನನ್ನ ಮುಖವನ್ನೇ ನೋಡುತ್ತ ನಿಂತರು. ನಾನು ಚಹಾದ ಲೋಟ ಅವರ ಕೈಗಿಟ್ಟೆ. "ನೀವ ಏನ ಮಾಡ್ತೀರಿ ಹವಾಲ್ದಾರ್, ಹಣೇಬಾರ" ಎಂದೆ. ಅವರು ಚಹಾ ಆರಿ ತಣ್ಣಗಾಗುವವರೆಗೂ ಲೋಟ ಹಿಡಿದು ನಿಂತಿದ್ದರು. ಆಮೇಲೆ ಕುಡಿಯದೆ ಕೆಳಗಿಟ್ಟು ಹೋದರು.

ನೀರು ಇಳಿದ ಮೇಲೆ ಅವರು ಮತ್ತೆ ಮನೆಮನೆ ತಿರುಗಿದರು. ಈ ಸಲ ಕೈಯಲ್ಲಿ ಪೇಂಟಿನ ಡಬ್ಬಿ ಇರಲಿಲ್ಲ, ಕುರ್ಪಿ ಇತ್ತು. ಬಿದ್ದ ಗೋಡೆ ಬಿಟ್ಟು ನಿಂತ ಗೋಡೆಗಳ ಮೇಲಿನ ತಮ್ಮ ಗೆರೆಯನ್ನೆಲ್ಲ ಕೆರೆದು ತೆಗೆದರು. ಹಾನಿಯ ಪಂಚನಾಮೆಗೆ ಸಾಹೇಬರು ಬಂದಾಗ ನೀರು ಎಷ್ಟು ದಾಟಿತೆಂದು ತೋರಿಸಲಿಕ್ಕೆ ಬೇಕು ಎಂದು ಕೆಲವರು ಜಗಳಕ್ಕೆ ನಿಂತರು. ಗಂಗವ್ವನ ಗೆರೆ ಅಳಿಸಿದರೆ ಊರಿಗೆ ಒಳ್ಳೆಯದಲ್ಲ ಎಂದು ಕೆಲವು ಹೆಂಗಸರು ಅತ್ತರು. ಅವರು ಕೆರೆಯುತ್ತಲೇ ಹೋದರು. ಸಿಕ್ಕಸಿಕ್ಕವರ ಮುಂದೆ "ತಾರವ್ವನ ಜೀವಾ ನನ್ನ ಗೆರಿ ತಿಂತು" ಎನ್ನುತ್ತಿದ್ದರು. ಇಚಲಕರಂಜಿಯಿಂದ ಬಂದ ಅವಳ ಮಗನ ಕಾಲು ಹಿಡಿದೂ ಅದನ್ನೇ ಹೇಳಿದರು. ಅವನು ಅವರನ್ನು ಎಬ್ಬಿಸಲಿಲ್ಲ, ಕಾಲು ಹಿಂದಕ್ಕೆಳೆದುಕೊಂಡ. ನಾನು ಹತ್ತು ಮಾರು ದೂರದಲ್ಲಿ ನಿಂತಿದ್ದೆ. ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ಊರಿನಲ್ಲಿ ಉಳಿದದ್ದು ಒಂದೇ ಗೆರೆ, ನಮ್ಮ ಶಾಲೆಯ ಗೋಡೆಯದು. ಅದಕ್ಕಾಗಿ ಅವರು ನನ್ನ ಕೋಣೆಗೆ ಬಂದರು.

"ಸರಕಾರಿ ಗೋಡಿ. ನಿಮ್ಮ ಅಪ್ಪಣಿ ಬೇಕ್ರಿ ಮಾಸ್ತರ್. ಅದರ ಬಗ್ಗೆ ನಿಮ್ಮದೇನರ ಹೇಳೂದಿದ್ರ ಹೇಳ್ರಿ."

"ಇರ್ಲಿ ಬಿಡ್ರಿ. ಮಕ್ಕಳಿಗೆ ಇತಿಹಾಸ ಆಗ್ತೈತಿ. ತಗೀಬೇಕಂದ್ರ ಮ್ಯಾಲ ಬರದ ಕೇಳಬೇಕು" ಎಂದೆ.

ಇತಿಹಾಸವೂ ಇಲ್ಲ, ಏನೂ ಇಲ್ಲ. ಆ ಗೆರೆ ತೆಗೆಸಿದರೆ ನನ್ನ ಪಾಠ ತಪ್ಪೆಂದು ನಾನೇ ಒಪ್ಪಿದಂತಾಗುತ್ತದೆ, ಯಾರಾದರೂ ಯಾಕೆ ಎಂದು ಕೇಳುತ್ತಾರೆ, ಕೇಳಿದರೆ ತಾರವ್ವನ ಹತ್ತಿರ ಬಂದು ನಿಲ್ಲುತ್ತದೆ ಎಂಬ ಪುಕ್ಕಲುತನ. ಅವರು "ಠೀಕ್ ಐತಿ. ಮುಂದಿನ ವರ್ಷ ಬರ್ತೀನಿ" ಎಂದು ಎದ್ದರು.

ಹೇಳಿದಂತೆ ಬಂದರು. ಆಮೇಲೆ ಪ್ರತಿ ವರ್ಷ ಜೂನಿನಲ್ಲಿ ಶಾಲೆ ತೆರೆದ ವಾರ, ಮೊದಲ ಮಳೆ ಬೀಳುವ ಹೊತ್ತಿಗೆ, ಕುರ್ಪಿಯನ್ನು ಕ್ಯಾನ್ವಾಸ್ ಚೀಲದಲ್ಲಿಟ್ಟುಕೊಂಡು ಬರುತ್ತಿದ್ದರು. ಅದೇ ಕುರ್ಚಿ, ಅದೇ ಮಾತು, "ನಿಮ್ಮದೇನರ ಹೇಳೂದಿದ್ರ ಹೇಳ್ರಿ." ನಾನು ಅರ್ಜಿ ಹೋಗಿದೆ ಎಂದೆ, ಉತ್ತರ ಬಂದಿಲ್ಲ ಎಂದೆ, ಸಾಹೇಬರು ಬದಲಾದರು ಎಂದೆ. ಅರ್ಜಿಯನ್ನು ನಾನು ಬರೆದೇ ಇರಲಿಲ್ಲ. ಜೂನ್ ಹತ್ತಿರ ಬಂದರೆ ನನಗೆ ಅವರ ಮುಖ ನೋಡುವುದೇ ಬೇಡವಾಗುತ್ತಿತ್ತು. ಒಂದು ವರ್ಷ ಆ ವಾರ ರಜೆ ಹಾಕಿ ಅಥಣಿಯ ತಂಗಿಯ ಮನೆಗೆ ಹೋಗಿಬಿಟ್ಟೆ. ತಿರುಗಿ ಬಂದ ದಿನವೇ ಅವರು ಬಂದು ಕೂತರು.

ನಡುವೆ ಇನ್ನೊಮ್ಮೆ ಹೊಳೆ ಏರಿತು. ಆಗ ಗೋಡೆಯ ಮೇಲೆ ನೋಡಿ ಅಂದಾಜು ಮಾಡಲು ಯಾರಿಗೂ ಏನೂ ಇರಲಿಲ್ಲ. ಸೀಟಿ ಕೇಳಿದ ಕೂಡಲೇ ಕೆಳಗಿನ ಓಣಿ ಒಂದೇ ಬೆಳಗಿನಲ್ಲಿ ಖಾಲಿಯಾಯಿತು, ದನಕರುಗಳ ಸಮೇತ. ಆ ಹೊತ್ತಿಗೆ ಹವಾಲ್ದಾರರಿಗೆ ನಾಲ್ಕು ಹೆಜ್ಜೆ ನಡೆದರೆ ಉಬ್ಬಸ ಬರುತ್ತಿತ್ತು. ಎರಡು ಸಲ ಸೀಟಿ ಊದಿ ಒಂದು ಕಟ್ಟೆಯ ಮೇಲೆ ಕೂತು ಸುಧಾರಿಸಿಕೊಳ್ಳುತ್ತಿದ್ದರು. ಸುರೇಖಾ ಚಿಕ್ಕೋಡಿಯಲ್ಲಿ ನರ್ಸ್ ಆಗಿದ್ದಾಳೆ. ಈ ವರ್ಷದ ಬೇಸಿಗೆಯಲ್ಲಿ ಅವರ ಉಸಿರು ತೀರ ಕೆಟ್ಟಾಗ ರಜೆ ಹಾಕಿ ಬಂದು ಮನೆಯಲ್ಲೇ ಆರೈಕೆ ಮಾಡಿದಳು. ನಾನು ನೋಡಲು ಹೋದಾಗ ಮಾತಾಡಲು ಅವರಿಗೆ ತ್ರಾಣವಿರಲಿಲ್ಲ. ಕೈ ಎತ್ತಿ, ಕೂರಲು ಕುರ್ಚಿ ತೋರಿಸಿದರು. ಐದು ನಿಮಿಷ ಕೂತು, ವಿಶ್ರಾಂತಿ ತಗೊಳ್ರಿ ಎಂದು ಹೇಳಿ ಎದ್ದು ಬಂದೆ. ಮೇ ತಿಂಗಳ ಕೊನೆಯಲ್ಲಿ ತೀರಿಕೊಂಡರು.

ಹದಿಮೂರನೆಯ ದಿನದ ನನ್ನ ಭಾಷಣ ಕೇಳಿ ಪಂಚಾಯಿತಿಯ ಅಧ್ಯಕ್ಷರಿಗೆ ಹುರುಪು ಬಂತು. ಶಾಲೆಯ ಗೋಡೆಯ ಗೆರೆಗೆ ಹೊಸ ಬಣ್ಣ ಹಚ್ಚಿಸಿ, ಕೆಳಗೆ ಹವಾಲ್ದಾರರ ಹೆಸರು ಬರೆಸಬೇಕು, ಅದೇ ಅವರ ಸ್ಮಾರಕ ಎಂದು ಅಲ್ಲೇ ಘೋಷಿಸಿದರು. ಮಂದಿ ಚಪ್ಪಾಳೆ ತಟ್ಟಿದರು. ಸುರೇಖಾ ಮಾತ್ರ ತಲೆ ಎತ್ತಿ ನನ್ನನ್ನು ನೋಡಿದಳು.

ಮರುದಿನ ಅವಳು ಶಾಲೆಗೆ ಬಂದಳು. ಜೂನಿನ ಎರಡನೆಯ ವಾರ, ಸಣ್ಣಗೆ ಮಳೆ ಹನಿಯುತ್ತಿತ್ತು. ಅಪ್ಪ ಕೂರುತ್ತಿದ್ದ ಕುರ್ಚಿಯಲ್ಲೇ ಕೂತು ಚೀಲದಿಂದ ಕುರ್ಪಿ ತೆಗೆದು ನನ್ನ ಮೇಜಿನ ಮೇಲಿಟ್ಟಳು.

"ಈ ವರ್ಷ ಅಪ್ಪಣಿ ಕೇಳಾಕ ನಾ ಬಂದೀನ್ರಿ ಸರ್. ಊರ ತುಂಬ ಕೆರದ ತಗದಾನ ಅಪ್ಪ. ಅದನ್ನ ಅವನ ಹೆಸರ ಹಾಕಿ ಮತ್ತ ಹಚ್ಚಿದ್ರ ಅವನ ಜೀವಕ್ಕ ಸಮಾಧಾನ ಇರ್ತೈತೇನ್ರಿ? ನೀವ ಹೇಳಿದ್ರ ಅಧ್ಯಕ್ಷರು ಕೇಳ್ತಾರ. ನಾಳೆ ಪೇಂಟರ್ ಬರಾವ ಅದಾನ."

ಕುರ್ಪಿಯ ಹಿಡಿಕೆ ಸವೆದು ನುಣ್ಣಗಾಗಿತ್ತು. ಅದನ್ನು ನೋಡುತ್ತ ನನಗೆ ತಡೆಯಲಾಗಲಿಲ್ಲ. ಅಂದು ಬೆಳಿಗ್ಗೆ ಶಾಲೆಯ ಗೇಟಿನಲ್ಲಿ ತಾರವ್ವ ಕೇಳಿದ್ದನ್ನು, ನಾನು ಹೇಳಿದ್ದನ್ನು ಅವಳ ಮುಂದೆ ಒಪ್ಪಿಸಿಬಿಟ್ಟೆ. "ನಿಮ್ಮಪ್ಪನ ಗೆರಿ ಅಲ್ಲವ್ವಾ, ನನ್ನ ಮಾತು ಆಕೀನ ಕೊಂದದ್ದು. ಅವರು ಸಾಯೂ ತನಕ ತಮ್ಮ ಮ್ಯಾಲ ಹೊತ್ಕೊಂಡ ತಿರಗಿದ್ರು, ನಾ ನೋಡ್ಕೋತ ಕುಂತ್ನಿ" ಎಂದೆ. ಅವಳು ಎದ್ದು ಹೋಗಬಹುದು, ಬೈಯಬಹುದು ಎಂದುಕೊಂಡಿದ್ದೆ.

"ಅಪ್ಪಗ ಗೊತ್ತಿತ್ರಿ ಸರ್" ಎಂದಳು.

"ಏನು?"

"ಅವತ್ತ ಆಯಿ ಬಾಗಲದಾಗ ನಿಂತ ಹೇಳಿದ್ಳಂತ. ಮಾಸ್ತರ್ ಇರು ಅಂದಾರ, ನೀ ನಡಿ ಅಂತಿ, ನಾ ಓದಿದವರ ಮಾತ ಕೇಳಾಕಿ ಅಂತ. ಮನ್ನೆ ಬ್ಯಾಸಗ್ಯಾಗ ನನ್ನ ಮುಂದ ಅಂದ."

"ಮತ್ತ ಒಮ್ಮಿನೂ ನನ್ನ ಕೇಳಲಿಲ್ಲಲ್ಲ ಅವರು?"

"ವರ್ಷಾ ಬರ್ತಿದ್ದನಲ್ರಿ" ಎಂದಳು ಸುರೇಖಾ.

ಹೊರಗೆ ಮಕ್ಕಳು ಮಗ್ಗಿ ಹೇಳುತ್ತಿದ್ದರು. ಅವಳು ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡು, "ನಾ ಸಿಟ್ಟಿಗೆದ್ದಿದ್ನಿ ಸರ್, ಸುಳ್ಳ ಯಾಕ ಹೇಳ್ಲಿ. ಮಂದಿಗೆ ಹೇಳಬಾರದೇನಪಾ, ಯಾಕ ನಿನ್ನ ಮ್ಯಾಲ ಹಾಕ್ಕೊಂಡಿ ಅಂದ್ನಿ. ನಾ ಹೇಳಿದ್ರ ಚಾಡಿ ಆಗ್ತೈತಿ, ಮಾಸ್ತರ್ ಹೇಳಿದ್ರ ಮಕ್ಕಳಿಗೆ ಪಾಠ ಆಗ್ತೈತಿ, ಅವರ ಹೇಳ್ಲಿ ಅಂದ" ಎಂದಳು. ಆಮೇಲೆ ಎದ್ದು ಹೊರಟಳು. ಕುರ್ಪಿಯನ್ನು ಮೇಜಿನ ಮೇಲೆಯೇ ಬಿಟ್ಟಿದ್ದಳು.

ಮರುದಿನ ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಅಧ್ಯಕ್ಷರು ಪೇಂಟರನನ್ನು ಕರೆದುಕೊಂಡು ಬಂದರು. ಅಷ್ಟರೊಳಗೆ ನಾನು ಗೋಡೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಅರ್ಧ ಗೆರೆ ಕೆರೆದಿದ್ದೆ. ಕೈಗೆ ಬೊಬ್ಬೆ ಬಂದಿತ್ತು. ಬಣ್ಣ ಗಾರೆಯೊಳಗೆ ಇಳಿದುಹೋಗಿತ್ತು. ಎಷ್ಟು ಕೆರೆದರೂ ಕೆಳಗೆ ಮಸುಕಾಗಿ ಕೆಂಪು ಉಳಿಯುತ್ತಿತ್ತು. "ಇದೇನ್ರಿ ಸರ್?" ಎಂದರು ಅಧ್ಯಕ್ಷರು. "ಕುಂಡ್ರ್ರಿ, ಹೇಳ್ತೀನಿ" ಎಂದೆ. ಮಕ್ಕಳನ್ನೆಲ್ಲ ಗೋಡೆಯ ಮುಂದೆ ಕೂರಿಸಿದೆ. ಸುರೇಖಾ ಗೇಟಿನ ಹತ್ತಿರ ಛತ್ರಿ ಹಿಡಿದು ನಿಂತಿದ್ದಳು, ಸರಿಯಾಗಿ ತಾರವ್ವ ನಿಂತಿದ್ದ ಜಾಗದಲ್ಲಿ.

"ನಾ ಈ ಗೋಡಿ ಮುಂದ ಒಂದ ಪಾಠ ತಪ್ಪ ಹೇಳೇನಿ" ಎಂದೆ. "ನಿಮ್ಮ ಅಣ್ಣ ಅಕ್ಕಗೂ, ಅವ್ವ ಅಪ್ಪಗೂ ಹಂಗ ಹೇಳೇನಿ. ಇವತ್ತ ಮನಿಗೆ ಹೋಗಿ ಅವರಿಗೂ ಹೇಳ್ರಿ. ಹೊಳಿ ಬಂದ ದಿನ ತಾರವ್ವ ಆಯಿ ಆ ಗೇಟಿನ್ಯಾಗ ನಿಂತು, ಹೋಗ್ಲೋ ಇರ್ಲೋ ಅಂತ ನನ್ನ ಕೇಳಿದ್ಳು."